3 ವೋಲ್ಟಿನ ದೀಪ, 230 ವೋಲ್ಟಿನ ಸರ

ಗಣೇಶನ ಪೆಂಡಾಲಿಗೆ, ಮದುವೆಮನೆಗೆ, ದೀಪಾವಳಿಗೆ ಕಟ್ಟುವ ಮಿನುಗುದೀಪದ ಸರಕ್ಕೆ ನಮ್ಮ ಕಡೆ ಇರುವ ಹೆಸರು ‘ಸೀರಿಯಲ್ ಸೆಟ್’. ಅದರ ವಿಜ್ಞಾನವೂ ಆ ಹೆಸರಿನಲ್ಲೇ ಇದೆ. ಶಾಲೆಯಲ್ಲಿ ಸರಣಿ ಜೋಡಣೆ ಎಂದು ಓದಿದ್ದೇವಲ್ಲ, ಅದೇ ಇದು. ಒಂದು ಬಲ್ಬಿನಿಂದ ಹೊರಟ ವಿದ್ಯುತ್ತು ಮುಂದಿನ ಬಲ್ಬನ್ನು ಹಾದೇ ಹೋಗಬೇಕು, ಬೇರೆ ದಾರಿಯಿಲ್ಲ. ಎಲ್ಲೋ ಒಂದು ಕಡೆ ಕೊಂಡಿ ತಪ್ಪಿದರೆ ಇಡೀ ಸರ ಕತ್ತಲು.

ಅಕ್ಕಿಕಾಳಿನಂಥ ತಂತುಬಲ್ಬುಗಳ ಕಾಲದಲ್ಲಿ ನಮ್ಮ ಸೋದರಮಾವ ಇದನ್ನು ರಿಪೇರಿ ಮಾಡುತ್ತಿದ್ದ ರೀತಿ ನನಗೆ ಚೆನ್ನಾಗಿ ನೆನಪಿದೆ. ಜಗಲಿಯ ಮೇಲೆ ಸರ ಹರಡಿಕೊಂಡು ಒಂದೊಂದೇ ಬಲ್ಬನ್ನು ಬೆರಳಲ್ಲಿ ಅಲುಗಿಸುತ್ತ ಹೋಗುತ್ತಿದ್ದರು. ಸುಟ್ಟದ್ದು ಸಿಕ್ಕಿದರೆ ಕತ್ತರಿಸಿ ಎಸೆದು, ತಂತಿಯ ಎರಡು ತುದಿಗಳನ್ನು ಹಲ್ಲಿನಲ್ಲಿ ಸುಲಿದು ಹೊಸೆದುಬಿಡುತ್ತಿದ್ದರು. ಸರ ಮತ್ತೆ ಹತ್ತುತ್ತಿತ್ತು, ಮೊದಲಿಗಿಂತ ತುಸು ಹೆಚ್ಚೇ ಕಳೆಯಿಂದ. ಲೆಕ್ಕ ಹಾಕಿದರೆ ಕಾರಣ ತಿಳಿಯುತ್ತದೆ. 6 ವೋಲ್ಟಿನ 40 ಬಲ್ಬುಗಳು 230 ವೋಲ್ಟನ್ನು ಹಂಚಿಕೊಂಡರೆ ಒಂದೊಂದಕ್ಕೆ 5.75 ವೋಲ್ಟ್ ಬರುತ್ತದೆ. ವರ್ಷಕ್ಕೆ ಎರಡು ಮೂರರಂತೆ 10 ಬಲ್ಬು ಕಿತ್ತ ಮೇಲೆ ಉಳಿದ 30ಕ್ಕೆ ತಲಾ 7.7 ವೋಲ್ಟ್. ಹೆಚ್ಚು ಹೊಳಪು, ಹೆಚ್ಚು ಬಿಸಿ, ಬೇಗ ಸಾವು. ಪ್ರತಿ ರಿಪೇರಿಯೂ ಉಳಿದ ಬಲ್ಬುಗಳ ಆಯುಷ್ಯ ತಿನ್ನುತ್ತಿತ್ತು. ಮಾವನಿಗೆ ಅದು ಗೊತ್ತಿರಲಿಲ್ಲ. ಹಬ್ಬಕ್ಕೆ ದೀಪ ಹತ್ತಬೇಕು, ಅಷ್ಟೇ.

ಆ ಬಲ್ಬುಗಳ ಜಾಗಕ್ಕೆ ಎಲ್‌ಇಡಿ ಬಂದದ್ದು ದೊಡ್ಡ ಉಪಕಾರ. ಕಣ್ಣಿಗೆ ಕಾಣುವ ಕೆಂಪು ಬೆಳಕು ಕೊಡುವ ಎಲ್‌ಇಡಿಯನ್ನು ನಿಕ್ ಹೊಲೊನ್ಯಾಕ್ 1962ರಲ್ಲೇ ಅಮೆರಿಕದಲ್ಲಿ ಮಾಡಿ ತೋರಿಸಿದ್ದರು. ಪ್ರಖರವಾದ ನೀಲಿ ಬರಲು ಮತ್ತೆ 30 ವರ್ಷ ಹಿಡಿಯಿತು. ಇಸಾಮು ಅಕಾಸಾಕಿ, ಹಿರೋಶಿ ಅಮಾನೊ, ಶುಜಿ ನಕಾಮುರಾ ಎಂಬ ಮೂವರು ಗ್ಯಾಲಿಯಂ ನೈಟ್ರೈಡ್ ಎಂಬ ಹಟಮಾರಿ ಹರಳನ್ನು ಪಳಗಿಸಿದ ಮೇಲೆಯೇ ಅದು ಸಾಧ್ಯವಾದದ್ದು. 2014ರ ಭೌತವಿಜ್ಞಾನದ ನೊಬೆಲ್ ಅವರಿಗೆ ಸಂದಿತು. ನೀಲಿ ಸಿಕ್ಕಿದ್ದರಿಂದಲೇ ಬಿಳಿಯೂ ಸಿಕ್ಕಿತು. ಬಿಳಿ ಎಲ್‌ಇಡಿಯ ಒಳಗೆ ಇರುವುದು ನೀಲಿ ದೀಪವೇ. ಅದರ ಮೇಲೆ ಬಳಿದ ಹಳದಿ ಪುಡಿ ನೀಲಿಯ ಒಂದು ಪಾಲನ್ನು ಹೀರಿ ಹಳದಿಯಾಗಿ ಉಗುಳುತ್ತದೆ, ಎರಡೂ ಬೆರೆತು ನಮ್ಮ ಕಣ್ಣಿಗೆ ಬಿಳಿ. ತಂತುಬಲ್ಬು ಉಂಡ ವಿದ್ಯುತ್ತಿನಲ್ಲಿ ನೂರಕ್ಕೆ ಐದರ ಆಸುಪಾಸು ಮಾತ್ರ ಬೆಳಕಾಗುತ್ತಿತ್ತು, ಉಳಿದದ್ದೆಲ್ಲ ಶಾಖ. ಈಗ 6 ವ್ಯಾಟಿನ ನಾಲ್ಕು ಎಲ್‌ಇಡಿ ಸರಗಳನ್ನು ದಿನಕ್ಕೆ 5 ಗಂಟೆಯಂತೆ 10 ದಿನ ಉರಿಸಿದರೂ ಖರ್ಚಾಗುವುದು ಒಂದೂಕಾಲು ಯೂನಿಟ್ಟಿಗಿಂತ ಕಡಿಮೆ.

ಇಲ್ಲೇ ಒಂದು ತಪ್ಪು ತಿಳಿವಳಿಕೆ ನುಸುಳಿದೆ. ‘ಎಲ್‌ಇಡಿ ಅಲ್ವಾ, ಶಾಕ್ ಏನೂ ಹೊಡೆಯಲ್ಲ’ ಎಂದು ಅಂಗಡಿಯವರೊಬ್ಬರು ನನಗೇ ಭರವಸೆ ಕೊಟ್ಟಿದ್ದಾರೆ. ದೀಪದ ಮಟ್ಟಿಗೆ ಅವರ ಮಾತು ನಿಜ. ಕೆಂಪು, ಹಳದಿ ಎಲ್‌ಇಡಿಗಳಿಗೆ ಸುಮಾರು 2 ವೋಲ್ಟ್, ನೀಲಿ, ಹಸಿರು, ಬಿಳಿಗೆ ಸುಮಾರು 3 ವೋಲ್ಟ್ ಸಾಕು. ಆದರೆ ಸರವನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೆ ಚುಚ್ಚುತ್ತೇವೆ. 50 ಬಿಳಿ ದೀಪಗಳನ್ನು ಸಾಲಾಗಿ ಪೋಣಿಸಿದರೆ 150 ವೋಲ್ಟ್ ಅವುಗಳಲ್ಲಿ ಹಂಚಿಹೋಗುತ್ತದೆ. ಉಳಿದದ್ದನ್ನು ತಡೆಯಲು ಒಂದು ರೆಸಿಸ್ಟರೋ ಕೆಪಾಸಿಟರೋ ಇರುತ್ತದೆ. ದೀಪ 3 ವೋಲ್ಟಿನದು, ಅದು ಕೂತಿರುವ ತಂತಿ 230 ವೋಲ್ಟಿನದು.

ನಮ್ಮ ಮನೆಯ ಒಂದು ಹಳೆಯ ಸರದಲ್ಲಿ ಇದನ್ನು ಟೆಸ್ಟರ್ ಹಿಡಿದು ನೋಡಿದ್ದೇನೆ. (ನೀವು ಮಾಡಲು ಹೋಗಬೇಡಿ.) ದೀಪದ ಬುಡದಲ್ಲಿ ಪ್ಲಾಸ್ಟಿಕ್ ಟೋಪಿ ಸರಿದು ತಂತಿಯ ಕಾಲು ಸೂಜಿಮೊನೆಯಷ್ಟು ಹೊರಗೆ ಕಾಣುತ್ತಿತ್ತು. ಸರದ ಒಂದು ಕೊನೆಯಲ್ಲಿ ಟೆಸ್ಟರ್ ನಿಗಿನಿಗಿ ಹೊಳೆಯಿತು, ಇನ್ನೊಂದು ಕೊನೆಗೆ ಹೋಗುವಷ್ಟರಲ್ಲಿ ಆರಿತು. ಎರಡು ಪಿನ್ನಿನ ಪ್ಲಗ್ಗನ್ನು ತಿರುಗಿಸಿ ಚುಚ್ಚಿದೆ. ಈಗ ಆರಿದ್ದ ಕೊನೆ ಹೊಳೆಯಿತು, ಹೊಳೆದದ್ದು ಆರಿತು. ಎರಡು ಪಿನ್ನಿನ ಪ್ಲಗ್ಗಿಗೆ ಫೇಸ್ ಯಾವುದು, ನ್ಯೂಟ್ರಲ್ ಯಾವುದು ಎಂಬುದಿಲ್ಲ. ತಡೆಯುವ ರೆಸಿಸ್ಟರ್ ಫೇಸ್ ಕಡೆಗೆ ಬಿದ್ದರೆ ಮೈಗೆ ಹರಿಯುವ ವಿದ್ಯುತ್ತಿಗೆ ಒಂದು ಮಿತಿಯಾದರೂ ಇರುತ್ತದೆ. ಪ್ಲಗ್ ಉಲ್ಟಾ ಆದರೆ ಫೇಸ್ ನೇರವಾಗಿ ದೀಪಗಳ ಮೇಲೆಯೇ ಬಂದು ಕೂರುತ್ತದೆ. ಆ ಮಿತಿಯನ್ನೂ ನಂಬುವಂತಿಲ್ಲ. 15-20 ಮಿಲಿಆಂಪಿಯರ್ ಹರಿದರೆ ಸಾಕು, ಸ್ನಾಯು ಬಿಗಿದು ಹಿಡಿದ ತಂತಿಯನ್ನು ಕೈ ಬಿಡಲಾರದೆ ಹೋಗಬಹುದು.

ಇದಕ್ಕಿಂತ ನನ್ನನ್ನು ಹೆದರಿಸುವುದು ಆರಿಹೋದ ಸರ. ನಡುವೆ ಎಲ್ಲೋ ತಂತಿ ತುಂಡಾಗಿದೆ ಎನ್ನಿ. ವಿದ್ಯುತ್ತು ಹರಿಯುವುದಿಲ್ಲ, ದೀಪ ಹತ್ತುವುದಿಲ್ಲ. ಹರಿವೇ ಇಲ್ಲದಿರುವಾಗ ದಾರಿಯಲ್ಲಿ ವೋಲ್ಟೇಜ್ ಹಂಚಿಹೋಗುವ ಮಾತೂ ಇಲ್ಲ. ಹಾಗಾಗಿ ಫೇಸ್ ತುದಿಯಿಂದ ತುಂಡಾದ ಜಾಗದವರೆಗೆ 230 ವೋಲ್ಟ್ ಹೆಚ್ಚುಕಡಿಮೆ ಹಾಗೇ ಬಂದು ಕಾಯುತ್ತಿರುತ್ತದೆ. ನಾವೋ, ‘ಹತ್ತುತ್ತಿಲ್ಲವಲ್ಲ’ ಎಂದು ಸ್ವಿಚ್ ಆನ್ ಇರುವಾಗಲೇ ಒಂದೊಂದೇ ದೀಪವನ್ನು ಬೆರಳಲ್ಲಿ ಒತ್ತಿ ನೋಡುತ್ತ ಹೋಗುತ್ತೇವೆ. ನನ್ನ ಮಾವನೂ ಮಾಡುತ್ತಿದ್ದದ್ದು ಅದನ್ನೇ. ದಯವಿಟ್ಟು ಪ್ಲಗ್ ಕಿತ್ತು ನೆಲದ ಮೇಲಿಟ್ಟ ನಂತರವೇ ಸರ ಮುಟ್ಟಿ.

ಆದ್ದರಿಂದ ಸರ ಕೊಳ್ಳುವಾಗ ಪ್ಲಗ್ಗಿನಿಂದ ಮೊದಲ ದೀಪದವರೆಗಿನ ಒಂದು ಗಜ ತಂತಿಯಲ್ಲಿ ಏನಿದೆ ಎಂದು ನೋಡಿ. ಅಡಾಪ್ಟರ್ ಇರುವ ಸರಗಳಲ್ಲಿ ವೋಲ್ಟೇಜ್ ಗೋಡೆಯ ಹತ್ತಿರವೇ ಇಳಿಯುತ್ತದೆ. ಒಳಗಿನ ಪುಟ್ಟ ಟ್ರಾನ್ಸ್‌ಫಾರ್ಮರು ಎರಡು ಕಡೆಯ ಸುರುಳಿಗಳನ್ನು ಒಂದಕ್ಕೊಂದು ತಾಗಗೊಡದೆ ವಿದ್ಯುತ್ತನ್ನು ದಾಟಿಸುತ್ತದೆ. ಅಲ್ಲಿಂದ ಮುಂದೆ ತಂತಿಯಲ್ಲಿರುವುದು 5, 12 ಅಥವಾ 24 ವೋಲ್ಟ್ ಮಾತ್ರ, ಮಗು ಮುಟ್ಟಿದರೂ ಜೀವಭಯವಿಲ್ಲ. ಒಂದು ಎಚ್ಚರಿಕೆ: ಗುಂಡಿ ಒತ್ತಿದರೆ ಎಂಟು ಬಗೆಯಲ್ಲಿ ಮಿನುಗಿಸುವ ಪುಟ್ಟ ಡಬ್ಬಿ ಅಡಾಪ್ಟರ್ ಅಲ್ಲ. ಅದು ವಿದ್ಯುತ್ತನ್ನು ಬಿಟ್ಟು ಹಿಡಿದು ಆಟವಾಡಿಸುತ್ತದೆ, ವೋಲ್ಟೇಜ್ ಇಳಿಸುವುದಿಲ್ಲ. ಡಬ್ಬಿಯ ಮೇಲಿನ ಚೀಟಿಯಲ್ಲಿ ‘ಇನ್‌ಪುಟ್’ ಜೊತೆ ‘ಔಟ್‌ಪುಟ್’ ಎಂಬ ಸಾಲು ಇದ್ದು, ಅದರ ಮುಂದೆ 12 ವೋಲ್ಟಿನಂಥ ಸಣ್ಣ ಅಂಕಿ ಇದ್ದರೆ ಅದು ಅಡಾಪ್ಟರ್. ಎಲ್‌ಇಡಿ ಸರಗಳು ಭಾರತೀಯ ಮಾನಕ ಬ್ಯೂರೊ ಬಿಐಎಸ್‌ನ ಕಡ್ಡಾಯ ನೋಂದಣಿಯ ಪಟ್ಟಿಯಲ್ಲಿವೆ. ‘ಆರ್’ ಅಕ್ಷರದ ಮುಂದೆ ನೋಂದಣಿ ಸಂಖ್ಯೆ ಅಚ್ಚಾಗಿದೆಯೇ ಎಂದೂ ಹುಡುಕಿ. ಪ್ಲಗ್ಗೇ ಇಲ್ಲದೆ, ತಂತಿಯ ಎರಡು ಎಳೆಗಳನ್ನು ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿಯಿಂದ ಬಿಗಿಮಾಡುವ ಪದ್ಧತಿ ಇನ್ನೂ ಎಷ್ಟೋ ಮನೆಗಳಲ್ಲಿದೆ. ಅದನ್ನು ಯಾವ ಹಬ್ಬದ ಗಡಿಬಿಡಿಗೂ ಒಪ್ಪಲಾಗದು.

ಮನೆಯ ಹೊರಗೆ ಕಟ್ಟುವುದಾದರೆ ಮಳೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ನಮ್ಮ ದೀಪಾವಳಿ ಬರುವುದು ಹಿಂಗಾರಿನ ಜೊತೆಯಲ್ಲಿ. ಪೆಟ್ಟಿಗೆಯ ಮೇಲೆ ‘ಐಪಿ’ ಎಂದು ಬರೆದು ಎರಡು ಅಂಕಿ ಕೊಟ್ಟಿರುತ್ತಾರೆ. ಮೊದಲನೆಯದು ದೂಳಿಗೆ, ಎರಡನೆಯದು ನೀರಿಗೆ. ಐಪಿ 20 ಎಂದರೆ ನೀರಿನಿಂದ ಏನೇನೂ ರಕ್ಷಣೆಯಿಲ್ಲ. 44 ಎರಚಲು ತಡೆದೀತು. ಕಾಂಪೌಂಡಿನ ಮೇಲೋ ಮಾವಿನ ಮರಕ್ಕೋ ಸುತ್ತಲು 65 ಇರಲಿ. ಅಡಾಪ್ಟರ್ ಮಾತ್ರ ಸೂರಿನ ಒಳಗೇ ಇರಬೇಕು. 230 ವೋಲ್ಟಿನ ಸರವನ್ನು ಕಬ್ಬಿಣದ ಗ್ರಿಲ್ಲಿಗೆ ಸುತ್ತಲೇಬೇಡಿ: ಒಂದು ಕಡೆ ಇನ್ಸುಲೇಷನ್ ಸವೆದರೆ ಇಡೀ ಗ್ರಿಲ್ಲಿಗೆ ವಿದ್ಯುತ್ತು ಬರುತ್ತದೆ.

ಇನ್ನು ಬಣ್ಣ. ದಸರೆಯಲ್ಲಿ ಮೈಸೂರು ಅರಮನೆಗೆ ಚಿನ್ನದ ಹೊಳಪು ತಂದುಕೊಟ್ಟದ್ದು ಸುಮಾರು 1 ಲಕ್ಷ ತಂತುಬಲ್ಬುಗಳು. ಆ ಬಣ್ಣ ಬೇಕಿದ್ದರೆ ‘ವಾರ್ಮ್ ವೈಟ್’, ಅಂದರೆ 2700ರಿಂದ 3000 ಕೆಲ್ವಿನ್ ಎಂದು ಬರೆದದ್ದನ್ನು ಆರಿಸಿ. 6500 ಕೆಲ್ವಿನ್ನಿನ ಬಿಳಿಯಲ್ಲಿ ನೀಲಿಯ ಪಾಲು ಹೆಚ್ಚು, ಹುಳುಗಳಿಗೂ ಆ ಕಡೆಯ ಬೆಳಕೇ ಹೆಚ್ಚು ಪ್ರಿಯ. ಹಣತೆಯ ಪಕ್ಕದಲ್ಲಿ ಅದು ಆಸ್ಪತ್ರೆಯ ಬೆಳಕಿನಂತೆ ಕಾಣುತ್ತದೆ ಎಂಬುದು ನನ್ನ ಅಭಿಪ್ರಾಯ. ಕೊಳ್ಳುವ ಮುಂಚೆ ಹತ್ತಿಸಿ, ಸರದ ಮುಂದೆ ಕೈ ಬೀಸಿ ನೋಡಿ. ಬೆರಳುಗಳು ಬಿಡಿಬಿಡಿಯಾಗಿ ಕಂಡರೆ ದೀಪ ಸೆಕೆಂಡಿಗೆ 50 ಅಥವಾ 100 ಸಲ ಆರಿ ಹತ್ತುತ್ತಿದೆ ಎಂದರ್ಥ. ಕೆಲವರಿಗೆ ಅದರಿಂದ ತಲೆನೋವು ಬರುತ್ತದೆ.

ಕೂದಲೆಳೆಯಂಥ ತಾಮ್ರದ ತಂತಿಯ, ಯುಎಸ್‌ಬಿಗೆ ಚುಚ್ಚುವ 5 ವೋಲ್ಟಿನ ಸರಗಳು ದೇವರ ಮನೆಗೆ, ಗೊಂಬೆ ಕೂರಿಸುವ ಮೆಟ್ಟಿಲುಗಳಿಗೆ ಬಹಳ ಚೆನ್ನ. ಇವು ಸಮಾಂತರ ಜೋಡಣೆಯವು, ಒಂದು ದೀಪ ಸತ್ತರೆ ಉಳಿದವು ಉರಿಯುತ್ತಲೇ ಇರುತ್ತವೆ. ತಂತಿ ಸಣ್ಣದಾದ್ದರಿಂದ ತೀರ ಉದ್ದದ ಸರದಲ್ಲಿ ಕೊನೆಯ ದೀಪಗಳು ಮಂಕಾಗುತ್ತವೆ. 20 ಮೀಟರಿನದು ಒಂದರ ಬದಲು 10 ಮೀಟರಿನ ಎರಡು ಕೊಂಡರೆ ಒಳ್ಳೆಯದು.

ಅಡಾಪ್ಟರ್ ಇರುವ ಸರಕ್ಕೆ ಬೆಲೆ ಜಾಸ್ತಿ, ನಿಜ. ಹತ್ತು ಸರ ಕೊಳ್ಳುವ ಹಣದಲ್ಲಿ ನಾಲ್ಕೋ ಐದೋ ಬರಬಹುದು. ಹೊರಗಡೆಗೆ, ಮಕ್ಕಳ ಕೈಗೆಟಕುವ ಎತ್ತರಕ್ಕೆ ಆ ನಾಲ್ಕೈದನ್ನೇ ಕಟ್ಟಿ. ಈ ಸಲ ಅಂಗಡಿಗೆ ಹೋದಾಗ ಬಣ್ಣ ಕೇಳುವ ಮೊದಲು ‘ಅಡಾಪ್ಟರ್ ಇರೋದು ತೋರಿಸಿ’ ಎನ್ನಿ. ನಾಲ್ಕು ಜನ ಹಾಗೆ ಕೇಳಿದರೆ ಮುಂದಿನ ಹಬ್ಬಕ್ಕೆ ಅಂಗಡಿಯವರೂ ಅದನ್ನೇ ತರಿಸುತ್ತಾರೆ.