ಅಪ್ಪನ ಆಪರೇಷನ್ ಮತ್ತು ನನ್ನ 21 ದಿನ

ಜರ್ಮನಿಯಲ್ಲಿ ಕೆಲಸ ಹೋಗಿ ಎರಡು ತಿಂಗಳಾಗಿತ್ತು. ಕೈಗೆ ಬರ್ತಿದ್ದ ಸಂಬಳದ ಸುಮಾರು 60% ನಿರುದ್ಯೋಗ ಭತ್ಯೆ ಸಿಗುತ್ತಿತ್ತು. ಅಷ್ಟರಲ್ಲಿ ಹಾಸನದಿಂದ ಅಮ್ಮನ ಫೋನ್: "ಅಪ್ಪಂಗೆ ಆಪರೇಷನ್ ಅಂತೆ ಕಣೋ, ಬರಕ್ಕಾಗುತ್ತಾ?"

"ಸುಮ್ನೆ ಹೋಗ್ಬಿಟ್ಟು ಬಾ ಮಗಾ, ಯಾರಿಗೆ ಗೊತ್ತಾಗುತ್ತೆ?" ಅಂದ ಗೆಳೆಯ. ಆದರೆ ಈ ಭತ್ಯೆಯ ಷರತ್ತೇ ಅದು: ಕೆಲಸಕ್ಕೆ ಕರೆದರೆ ಕೈಗೆ ಸಿಗಬೇಕು. ಹೇಳದೆ ಹೋಗಿ ಸಿಕ್ಕಿಬಿದ್ದರೆ ಆ ದಿನಗಳ ಹಣ ವಾಪಸ್ ಕಟ್ಟಬೇಕು.

ಆಸ್ಪತ್ರೆಯ ಪತ್ರ ಲಗತ್ತಿಸಿ ಕಚೇರಿಗೆ ಬರೆದೆ. ಒಪ್ಪಿಗೆ ಪಡೆದು ಹೋದರೆ ವರ್ಷಕ್ಕೆ 3 ವಾರದವರೆಗೆ ಭತ್ಯೆ ನಿಲ್ಲದು. ಮೊದಲ 3 ತಿಂಗಳಲ್ಲಿ ಮಾತ್ರ ಬಲವಾದ ಕಾರಣ ಬೇಕು. ನನಗೆ ಒಪ್ಪಿಗೆ ಸಿಕ್ಕಿತು. ಯುರೋಪಿನ ಒಕ್ಕೂಟದ ಬೇರೆ ದೇಶಕ್ಕೆ ಕೆಲಸ ಹುಡುಕಲು ಹೋಗುವವರಿಗೆ ಪಿಡಿ ಯು2 ಫಾರ್ಮ್ ಇದೆ, 3 ತಿಂಗಳು ಭತ್ಯೆ ಮುಂದುವರಿಯುತ್ತದೆ. ಹಾಸನಕ್ಕೆ ಆ ಫಾರ್ಮ್ ಇಲ್ಲ!

21ನೇ ದಿನ ಅಪ್ಪ ಇನ್ನೂ ಗೋಡೆ ಹಿಡಿದು ನಡೀತಿದ್ರು. ಕಚೇರಿಗೆ ತಿಳಿಸಿ ಇನ್ನೊಂದು ವಾರ ಉಳಿದೆ. ಆ ವಾರದ ದುಡ್ಡು ಬರಲಿಲ್ಲ, ಬೇಜಾರೂ ಆಗಲಿಲ್ಲ. ಅಪ್ಪನ ಕೈ ಹಿಡಿದು ನಡೆಸುವಾಗ ಫೋನ್ ಬಡಿದ್ರೆ ಎದೆ ಹೊಡ್ಕೊಳ್ತಿರಲಿಲ್ಲ.

ನೀವೂ ಅಂಥ ಪರಿಸ್ಥಿತಿಯಲ್ಲಿದ್ರೆ, ಟಿಕೆಟ್ ಆಮೇಲೆ. ಮೊದಲು ಕೇಳಿ.