ತಂಬೂರಿ ಕ್ಯಾಂಪಸ್ಸಿಗೆ ಬಂದ ದಾರಿ

ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಅಂಬಲಜೀರಹಳ್ಳಿಯ ಜೀ.ಶಂ. ಪರಮಶಿವಯ್ಯನವರು ನೀಲಗಾರರು, ದೇವರಗುಡ್ಡರು, ಚೌಡಿಕೆಯವರು ಹಾಡುತ್ತಿದ್ದ ಕಥನಗಳನ್ನು ಬರೆದುಕೊಳ್ಳಲು ಹಳ್ಳಿ ಸುತ್ತಿದರು. ಅವು ಪಾಂಡಿತ್ಯಕ್ಕೆ ತಕ್ಕ ವಸ್ತುವೆಂದು ಮೈಸೂರು ವಿಶ್ವವಿದ್ಯಾನಿಲಯ ಒಪ್ಪಿಕೊಂಡದ್ದರಲ್ಲಿ ಅವರ ಪಾಲು ದೊಡ್ಡದು. 1960ರ ದಶಕದ ಕೊನೆಗೆ ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸದಲ್ಲಿ ಜಾನಪದ ವಸ್ತುಸಂಗ್ರಹಾಲಯವೂ ಕಣ್ಣು ಬಿಟ್ಟಿತು. ರಾಜಕುಮಾರಿಯ ವಾಸಕ್ಕೆಂದು ಕಟ್ಟಿದ ಅರಮನೆಗೆ, ಮನೆಬಾಗಿಲಲ್ಲಿ ನಿಂತು ಹಾಡಿ ರಾಗಿ ಪಡೆಯುತ್ತಿದ್ದವರ ಲೋಕ ಒಳಬಂದಂತಾಯಿತು. ಸಣ್ಣ ಸಂಗತಿಯೇನಲ್ಲ. ಆದರೆ ಅಂದು ಕ್ಯಾಂಪಸ್ಸಿನೊಳಗೆ ಬಂದದ್ದು ಆ ಜನರ ಸಂಸ್ಕೃತಿ. ಅವರ ಚರಿತ್ರೆ ಬಂತೇ ಎಂಬುದು ಬೇರೆಯೇ ಪ್ರಶ್ನೆ. ಈ ಎರಡರ ನಡುವಿನ ಅಂತರ ಎಷ್ಟೆಂದು ಅಳೆಯಲು ಅಮೆರಿಕದ ಕಪ್ಪು ಜನರು ನಡೆದ ದಾರಿಯನ್ನೊಮ್ಮೆ ನೋಡಬೇಕು.

ಅಮೆರಿಕದಲ್ಲಿ ಫೆಬ್ರವರಿ ಎಂದರೆ ಕಪ್ಪು ಜನರ ಇತಿಹಾಸದ ತಿಂಗಳು. ಅದನ್ನು ಯಾವ ಸರ್ಕಾರವೂ ದಯಪಾಲಿಸಲಿಲ್ಲ. ಕಾರ್ಟರ್ ವುಡ್‌ಸನ್ ಅವರ ತಂದೆ ತಾಯಿ ಗುಲಾಮರಾಗಿದ್ದವರು. ಕಲ್ಲಿದ್ದಲು ಗಣಿಯಲ್ಲಿ ದುಡಿದು, ಇಪ್ಪತ್ತರ ಹೊತ್ತಿಗೆ ಹೈಸ್ಕೂಲು ಸೇರಿದ ಈತ 1912ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್ ಪಡೆದರು. 1915ರಲ್ಲಿ ತಮ್ಮ ಜನರ ಇತಿಹಾಸದ ಅಧ್ಯಯನಕ್ಕೊಂದು ಸಂಘ ಕಟ್ಟಿ, ಮರುವರ್ಷ ಪತ್ರಿಕೆ ಹೊರಡಿಸಿದರು. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದೂ ಅದೇ 1916ರಲ್ಲಿ. ಅಂಬೇಡ್ಕರ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜಾತಿಯ ಹುಟ್ಟಿನ ಬಗ್ಗೆ ಪ್ರಬಂಧ ಓದಿದ್ದೂ ಅದೇ ವರ್ಷ. 1926ರಲ್ಲಿ ವುಡ್‌ಸನ್ ಇತಿಹಾಸದ ವಾರವನ್ನು ಶುರುಮಾಡಿದರು. ಲಿಂಕನ್ ಮತ್ತು ಫ್ರೆಡರಿಕ್ ಡಗ್ಲಸ್ ಅವರ ಹುಟ್ಟುಹಬ್ಬಗಳನ್ನು ಕಪ್ಪು ಜನ ಮೊದಲೇ ಆಚರಿಸುತ್ತಿದ್ದರಿಂದ ಫೆಬ್ರವರಿಯ ಎರಡನೇ ವಾರ ಗೊತ್ತಾಯಿತು. ಇಲ್ಲಿ ಗಮನಿಸಬೇಕಾದ್ದು ವುಡ್‌ಸನ್ನರ ಹಟ. ಹಾಡು ಕುಣಿತಗಳಲ್ಲಿ ಕಪ್ಪು ಜನ ಗಟ್ಟಿಗರೆಂಬುದನ್ನು ಬಿಳಿಯರು ಆಗಲೇ ಚಪ್ಪಾಳೆ ತಟ್ಟಿ ಒಪ್ಪಿದ್ದರು. ಅವರು ಒಪ್ಪದೆ ಉಳಿದದ್ದು ಕಪ್ಪು ಜನರಿಗೊಂದು ಚರಿತ್ರೆ ಇದೆ ಎಂಬುದನ್ನು. ವುಡ್‌ಸನ್ ದಾಖಲೆ ಹಿಡಿದು ಗುದ್ದಾಡಿದ್ದು ಅದಕ್ಕಾಗಿ.

ವಾರ ತಿಂಗಳಾದದ್ದು ವಿದ್ಯಾರ್ಥಿಗಳಿಂದ. 1968ರ ನವೆಂಬರಿನಲ್ಲಿ ಓಹಿಯೊದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಓಕ್ಲೆಂಡ್ ನಗರದ ಪೊಲೀಸರು ನೇಮಕಾತಿಗೆಂದು ಬಂದರು. ಬ್ಲ್ಯಾಕ್ ಪ್ಯಾಂಥರ್ ಪಕ್ಷ ಹುಟ್ಟಿದ ಊರು ಓಕ್ಲೆಂಡ್. ಅಲ್ಲಿನ ಪೊಲೀಸರಿಗೂ ಪ್ಯಾಂಥರುಗಳಿಗೂ ಇದ್ದ ಹಗೆ ಲೋಕಕ್ಕೇ ಗೊತ್ತಿತ್ತು. ಕಪ್ಪು ವಿದ್ಯಾರ್ಥಿಗಳು ಪ್ರತಿಭಟಿಸಿ ಕ್ಯಾಂಪಸ್ಸನ್ನೇ ಬಿಟ್ಟು ಹೊರನಡೆದರು. ಕೆಲವೇ ತಿಂಗಳಲ್ಲಿ, 1969ರ ಫೆಬ್ರವರಿಯಲ್ಲಿ, ವಾರ ಸಾಲದು, ತಿಂಗಳು ಬೇಕು ಎಂಬ ಬೇಡಿಕೆ ಅವರ ಸಂಘದಿಂದ ಬಂತು. 1970ರ ಜನವರಿ, ಫೆಬ್ರವರಿಯಲ್ಲಿ ಮೊದಲ ಆಚರಣೆ ನಡೆಯಿತು. ಅಧ್ಯಕ್ಷ ಫೋರ್ಡ್ ಅದಕ್ಕೆ ಅಧಿಕೃತ ಮನ್ನಣೆ ಕೊಟ್ಟದ್ದು 1976ರಲ್ಲಿ. ಮೊದಲು ಜಗಳ, ಆಮೇಲೆ ಹಬ್ಬ. ಈ ಕ್ರಮವನ್ನು ಮರೆತವರಿಗೆ ತಿಂಗಳು ಬರೀ ಊಟದ ಮಳಿಗೆ ಮತ್ತು ಬ್ಯಾನರಿನ ವಿಷಯವಾಗಿ ಕಾಣುತ್ತದೆ.

ಓಹಿಯೊದ ಕಥೆ ಮಂಡ್ಯಕ್ಕೇಕೆ ಎಂದು ಕೇಳುವವರಿದ್ದಾರೆ. ಈ ನಂಟು ನಾವು ಇಂದು ಹೊಲಿದ ತೇಪೆಯಲ್ಲ. 1946ರಲ್ಲಿ ಅಂಬೇಡ್ಕರ್ ಕಪ್ಪು ಚಿಂತಕ ಡು ಬೋಯಿಸ್ ಅವರಿಗೆ ಕಾಗದ ಬರೆದು, ಕಪ್ಪು ಜನರು ವಿಶ್ವಸಂಸ್ಥೆಗೆ ಸಲ್ಲಿಸಿದ್ದ ಅಹವಾಲಿನ ಪ್ರತಿ ಕೇಳಿದ್ದರು. 1972ರಲ್ಲಿ ಮುಂಬೈಯ ದಲಿತ ತರುಣರು ತಮ್ಮ ಸಂಘಟನೆಗೆ ಪ್ಯಾಂಥರ್ ಎಂಬ ಹೆಸರನ್ನು ಓಕ್ಲೆಂಡಿನಿಂದಲೇ ತಂದರು. ಮರುವರ್ಷ ನವೆಂಬರಿನಲ್ಲಿ ಮೈಸೂರಿನ ಸಭೆಯೊಂದರಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಬಹಳವಿದೆ ಎಂದರು. ಕಾಲೇಜುಗಳಿಗೆ ಬೆಂಕಿ ಬಿದ್ದಂತಾಯಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು, ಕುವೆಂಪು ಬೆಂಬಲಕ್ಕೆ ನಿಂತರೂ ಬಸವಲಿಂಗಪ್ಪ ಮಂತ್ರಿಗಿರಿ ಬಿಡಬೇಕಾಯಿತು. ಆ ಪೆಟ್ಟಿನಿಂದೆದ್ದ ತಲೆಮಾರು ದಲಿತ ಸಂಘರ್ಷ ಸಮಿತಿಯನ್ನು ಕಟ್ಟಿತು. ಸಾವಿನ ಮನೆಗೂ ಮಾರಿಹಬ್ಬಕ್ಕೂ ಬಡಿಯಲೆಂದು ಹೊರಿಸಿದ್ದ ತಮಟೆ, ಮೆರವಣಿಗೆಯಲ್ಲಿ ತಲೆಯೆತ್ತಿ ಬಡಿಯುವ ವಾದ್ಯವಾಯಿತು. ಇಲ್ಲೂ ಮೊದಲು ಜಗಳವೇ.

ಹೀಗಿರುವಾಗ ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲಗಳ ಸಾಂಸ್ಕೃತಿಕ ನಕಾಶೆಯನ್ನು ತೆರೆದು ನೋಡಿ. ಬೆಳ್ಳೂರೆಂದರೆ ಬಿಎಂಶ್ರೀ, ಮೇಲುಕೋಟೆಯೆಂದರೆ ಪುತಿನ, ಅಕ್ಕಿಹೆಬ್ಬಾಳೆಂದರೆ ಎ.ಎನ್. ಮೂರ್ತಿರಾವ್, ಕಿಕ್ಕೇರಿಯೆಂದರೆ ಕೆ.ಎಸ್. ನರಸಿಂಹಸ್ವಾಮಿ. ಹೆಮ್ಮೆ ಪಡಬೇಕಾದ ಹೆಸರುಗಳೇ. ಶ್ರೀರಂಗಪಟ್ಟಣಕ್ಕೋ 1799ರ ಮೇ 4 ಎಂಬ ಒಂದೇ ದಿನ ಸಾಕಾಗಿಬಿಟ್ಟಿದೆ; ಕೋಟೆ ಬಿದ್ದದ್ದನ್ನು ಹೇಳುವ ಪುಸ್ತಕಗಳಿಗೆ ಲೆಕ್ಕವಿಲ್ಲ, ಆ ಕೋಟೆಯ ಕಲ್ಲು ಹೊತ್ತವರ ಬಗ್ಗೆ ಪಠ್ಯದಲ್ಲಿ ಒಂದು ಸಾಲು ಹುಡುಕಬೇಕು. ಪಾಂಡವಪುರ ತಾಲ್ಲೂಕಿನ ಮೇಲುಕೋಟೆಯದು ಇನ್ನೂ ನಾಜೂಕಿನ ಉದಾಹರಣೆ. ದೆಹಲಿಯಿಂದ ಚೆಲುವಪಿಳ್ಳೆಯ ಉತ್ಸವಮೂರ್ತಿಯನ್ನು ತರುವಾಗ ನೆರವಾದ ಅಸ್ಪೃಶ್ಯರಿಗೆ ರಾಮಾನುಜರು ತಿರುಕುಲದವರೆಂಬ ಹೆಸರಿಟ್ಟು, ವರ್ಷಕ್ಕೆ ಮೂರು ದಿನ ಗುಡಿಯೊಳಗೆ ಬರುವ ಹಕ್ಕು ಕೊಟ್ಟರೆಂಬುದು ಪ್ರತೀತಿ. ಈ ಕಥೆಯನ್ನು ನಾವು ಆಚಾರ್ಯರ ಔದಾರ್ಯದ ಅಧ್ಯಾಯವಾಗಿ ಹೇಳುತ್ತೇವೆ. ಆ ಕಾಲದಲ್ಲಿ ಅದು ದೊಡ್ಡ ಹೆಜ್ಜೆಯೆಂಬುದರಲ್ಲಿ ನನಗೆ ಸಂಶಯವಿಲ್ಲ. ಆದರೆ ಅದನ್ನೇ ತಿರುಕುಲದವರ ಕಡೆಯಿಂದ ಓದಿದರೆ ಮೊದಲು ಕಣ್ಣಿಗೆ ಬೀಳುವುದು ಉಳಿದ ದಿನಗಳು. ವುಡ್‌ಸನ್ ಕಲಿಸಿದ್ದು ಈ ಓದನ್ನು: ಕೊಟ್ಟವನ ಕಥೆಯೊಳಗೆ ಪಡೆದವನ ಬದುಕನ್ನು ಹುಡುಕುವುದನ್ನು.

ಜಾನಪದ ವಿಭಾಗಗಳು ಇದನ್ನೇ ಮಾಡುತ್ತಿಲ್ಲವೇ ಎಂಬ ಆಕ್ಷೇಪ ಗಟ್ಟಿಯಾದದ್ದು. ಪರಮಶಿವಯ್ಯನವರ ತಾಲ್ಲೂಕಿನವರೇ ಆದ ಎಚ್.ಎಲ್. ನಾಗೇಗೌಡರು 1979ರಲ್ಲಿ ಜಾನಪದ ಪರಿಷತ್ತು ಕಟ್ಟಿ, ರಾಮನಗರದ ಬಳಿ ಜಾನಪದ ಲೋಕವನ್ನೇ ಎಬ್ಬಿಸಿದರು. ಇವರಿಬ್ಬರೂ ದುಡಿಯದಿದ್ದರೆ ಎಷ್ಟೋ ಕಾವ್ಯ ಹಾಡಿದವರ ಜೊತೆಗೇ ಮಣ್ಣಾಗುತ್ತಿತ್ತು. ಆದರೆ ಜಾನಪದವೆಂಬ ಹೆಸರಿಗೊಂದು ಗುಣವಿದೆ. ಅದು ಹಾಡನ್ನು ಇಡೀ ಜನಪದಕ್ಕೆ ಸೇರಿಸುತ್ತದೆ, ಹಾಡಿದವನ ಕೇರಿ ಯಾವುದೆಂದು ಕೇಳುವುದಿಲ್ಲ. ಮಂಟೇಸ್ವಾಮಿ ಕಾವ್ಯವನ್ನು ಉಳಿಸಿಕೊಂಡು ಬಂದ ನೀಲಗಾರರಲ್ಲಿ ಬಹಳ ಮಂದಿ ದಲಿತರು. ಕಲ್ಯಾಣದ ಶರಣರನ್ನೇ ಪರೀಕ್ಷೆಗೊಡ್ಡುವ ಆ ಕಥನವನ್ನು ಬರೀ ಲಯ, ಮಟ್ಟು, ಛಂದಸ್ಸಿನ ಲೆಕ್ಕದಲ್ಲಿ ಓದುವುದು ಅರ್ಧ ಓದು. ಉತ್ತರ ಕನ್ನಡದ ಸಿದ್ದಿಗಳ ಪಾಡೂ ಇದೇ. ಆಫ್ರಿಕಾದಿಂದ ಬಂದವರ ಸಂತತಿ ಅವರು. ನಮ್ಮ ನಾಡಿನೊಳಗೇ ಇರುವ ಕಪ್ಪು ಚರಿತ್ರೆ. ಅಲ್ಲಿನ ಸಿದ್ದಿಗಳು ಪರಿಶಿಷ್ಟ ಪಂಗಡಕ್ಕೆ ಸೇರಿದ್ದು 2003ರಲ್ಲಿ, ಧಾರವಾಡ, ಬೆಳಗಾವಿಯವರು 2020ರಲ್ಲಿ. ಉತ್ಸವಗಳಿಗೆ ಅವರ ಡಮಾಮಿ ಕುಣಿತ ಬೇಕು. ಅವರ ಹಿರಿಯರನ್ನು ಹಡಗಿನಲ್ಲಿ ತಂದು ಮಾರಿದವರು ಯಾರೆಂಬ ಪಾಠ ಮಾತ್ರ ಯಾವ ವೇದಿಕೆಗೂ ಬೇಡ.

ಪ್ರತ್ಯೇಕ ವಾರ, ತಿಂಗಳುಗಳು ಜನರನ್ನು ಇನ್ನಷ್ಟು ಪ್ರತ್ಯೇಕಿಸುತ್ತವೆ ಎಂಬ ಮಾತೂ ಇದೆ. ಕಪ್ಪು ನಟ ಮಾರ್ಗನ್ ಫ್ರೀಮನ್ 2005ರಲ್ಲಿ ಟಿವಿ ಸಂದರ್ಶನವೊಂದರಲ್ಲಿ ಇಡೀ ಫೆಬ್ರವರಿ ಆಚರಣೆಯನ್ನೇ ಗೇಲಿ ಮಾಡಿ, ತನ್ನ ಚರಿತ್ರೆ ಅಮೆರಿಕದ ಚರಿತ್ರೆಯೇ ಎಂದುಬಿಟ್ಟರು. ಗುರಿಯಾಗಿ ಅದು ಸರಿ. ಆದರೆ ಎಲ್ಲರ ಚರಿತ್ರೆಯೆಂದು ಕರೆಸಿಕೊಂಡ ಪುಸ್ತಕದಲ್ಲಿ ಒಬ್ಬರ ಪುಟಗಳೇ ಬೈಂಡಾಗದೆ ಉಳಿದಿದ್ದರೆ, ಅವನ್ನು ಬೇರೆಯಾಗಿ ಅಚ್ಚು ಹಾಕಿ ಹಂಚುವುದು ಪುಸ್ತಕ ಹರಿದಂತಲ್ಲ. ನಮ್ಮಲ್ಲಿ ಏಪ್ರಿಲ್ 14ರ ಅಂಬೇಡ್ಕರ್ ಜಯಂತಿಯ ಆಚರಣೆ ಒಂದು ಹಾರ, ಎರಡು ಭಾಷಣಕ್ಕೆ ಮುಗಿದುಹೋಗುತ್ತದೆ ಎಂಬ ದೂರು ಮಾತ್ರ ನಿಜ. ಅದು ಆಚರಿಸುವ ರೀತಿಯ ಮೇಲಿನ ದೂರು, ಆಚರಣೆಯ ಮೇಲಿನದಲ್ಲ.

ನಾಗಮಂಗಲ ತಾಲ್ಲೂಕಿನಲ್ಲೇ ಈಗ ಒಂದು ವಿಶ್ವವಿದ್ಯಾಲಯವಿದೆ; ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ತಾಲ್ಲೂಕುಗಳಲ್ಲೂ ಪದವಿ ಕಾಲೇಜುಗಳಿವೆ. ನೀಲಗಾರರೊಬ್ಬರನ್ನು ಯಾವ ಕಾಲೇಜಾದರೂ ಕರೆಸುವುದಾದರೆ ಸಂಜೆಯ ಸಾಂಸ್ಕೃತಿಕ ಕಾರ್ಯಕ್ರಮಕ್ಕೆ ಬೇಡ, ಬೆಳಗಿನ ಇತಿಹಾಸದ ತರಗತಿಗೆ ಕರೆಸಲಿ. ತಂಬೂರಿ ಹಿಡಿದು ಅವರು ಕಥೆ ಎತ್ತಲಿ, ಹುಡುಗರು ಪ್ರಶ್ನೆ ಕೇಳಲಿ. ಸಂಭಾವನೆಯ ವೋಚರಿನಲ್ಲಿ ಕಲಾತಂಡವೆಂದು ಬರೆಯುವ ಜಾಗದಲ್ಲಿ ಅತಿಥಿ ಉಪನ್ಯಾಸಕರೆಂದು ಬರೆದು, ಆ ದರದಲ್ಲೇ ಹಣ ಕೊಡಲಿ.