ದೋಣಿಗೆ ನೆಲ ಹಾಕಿದರೆ ಓಲಾಟ ಏಕೆ?

ಪ್ರಶ್ನೆ: ಅಮೆರಿಕದಲ್ಲಿ ಮೀನು ಹಿಡಿಯಲು ಬಳಸುವ ಪುಟ್ಟ ಅಲ್ಯೂಮಿನಿಯಂ ದೋಣಿಗೆ ಹಲಗೆಯ ನೆಲ ಹಾಕಿದರೆ ಅದು ಹೆಚ್ಚು ಓಲಾಡುತ್ತದಂತೆ. ಭಾರ ಕೂಡಿದರೆ ಭದ್ರವಾಗಬೇಕಲ್ಲವೇ?

ಭಾರ ಎಷ್ಟು ಎನ್ನುವುದಕ್ಕಿಂತ ಅದು ಎಲ್ಲಿ ಕೂತಿದೆ ಎನ್ನುವುದು ಮುಖ್ಯ. ದೋಣಿ ಒಂದು ಕಡೆ ವಾಲಿದಾಗ ಆ ಬದಿ ಹೆಚ್ಚು ಮುಳುಗುತ್ತದೆ; ಅಲ್ಲಿ ನೀರು ಮೇಲಕ್ಕೆ ಒತ್ತಿ ದೋಣಿಯನ್ನು ನೆಟ್ಟಗೆ ಮಾಡುತ್ತದೆ. ಭಾರದ ಕೇಂದ್ರ ಎತ್ತರದಲ್ಲಿದ್ದರೆ ಅದೂ ವಾಲಿದ ಕಡೆಗೇ ಜರುಗಿ ಈ ಒತ್ತಡದ ಬಲ ಕುಗ್ಗಿಸುತ್ತದೆ. ಹಲಗೆ ತಳದಲ್ಲೇ ಇದೆಯಲ್ಲ ಎನ್ನಬಹುದು. ನಿಜ, ಆದರೆ ಎಂಟಡಿ ಉದ್ದ, ನಾಲ್ಕಡಿ ಅಗಲದ 12 ಮಿಲಿಮೀಟರ್ ಪ್ಲೈವುಡ್ಡಿನ ತೂಕ ಸುಮಾರು 20 ಕಿಲೊ. ಅದರ ಮೇಲೆ ನಿಲ್ಲುವ ಮನುಷ್ಯನದು 70. ಅಡ್ಡಪಟ್ಟಿ ಕೊಟ್ಟು ನೆಲವನ್ನು ನಾಲ್ಕು ಅಂಗುಲ ಎತ್ತಿದರೆ ಆ 70 ಕಿಲೊವೂ ನಾಲ್ಕು ಅಂಗುಲ ಮೇಲೇರಿತು. ಹಾಗಾಗಿ ನೆಲ ಆದಷ್ಟು ತಗ್ಗಿನಲ್ಲಿರಬೇಕು.

ಎತ್ತರದಂತೆ ದೋಣಿಯ ಉದ್ದಕ್ಕೂ ಭಾರ ಹಂಚುವುದು ಮುಖ್ಯ; ಆ ಲೆಕ್ಕ ಎತ್ತಿನಗಾಡಿಯದೇ: ಹಿಂಭಾರವಾದರೆ ನೊಗ ಮೇಲೇಳುತ್ತದೆ. ಎಂಜಿನ್, ಬ್ಯಾಟರಿ, ಪೆಟ್ರೋಲ್ ಡಬ್ಬಿ, ಓಡಿಸುವವನು ಎಲ್ಲ ಹಿಂದೆಯೇ ಸೇರಿದರೆ ಮೂತಿ ಆಕಾಶ ನೋಡುತ್ತದೆ, ಹಿಂಬದಿಯ ಅಂಚಿನಿಂದ ನೀರು ನುಗ್ಗುತ್ತದೆ. ಎಂಜಿನ್ ಕದಲಿಸಲಾಗದು, ಬ್ಯಾಟರಿಯನ್ನು ಉದ್ದನೆಯ ತಂತಿ ಕೊಟ್ಟು ಮುಂದಕ್ಕೆ ಒಯ್ಯಬಹುದು. ತೀರಾ ಮುಂದಿಟ್ಟರೆ ಮೂತಿ ಅಲೆಯೊಳಗೆ ಹೂತುಕೊಳ್ಳುತ್ತದೆ. ಇಟ್ಟದ್ದನ್ನು ಬಿಗಿಯಾಗಿ ಕಟ್ಟಿರಬೇಕು. ವಾಲಿದ ಕಡೆಗೇ ಜಾರುವ ಬ್ಯಾಟರಿ ದೋಣಿಯನ್ನು ಇನ್ನಷ್ಟು ವಾಲಿಸುತ್ತದೆ.